ಹಬ್ಬವಿಲ್ಲದ ಮನೆಯ ಹೋಳಿಗೆ ಟೀ

ತಿನ್ನಬಾರದು ಅಂದ ದಿನದಿಂದಲೇ ನಾಲಗೆಗೆ ಜ್ಞಾಪಕಶಕ್ತಿ ಹೆಚ್ಚುತ್ತದೆ ಎಂಬುದು ನನ್ನ ಅನುಭವ. ಎಲೆಯ ಮುಂದೆ ಕೂತಾಗಲೆಲ್ಲ ‘ಒಂದು ಸಾಕು, ಎದೆ ಉರಿಯುತ್ತೆ’ ಎಂದು ಹೋಳಿಗೆಗೆ ಕೈ ಅಡ್ಡ ಹಿಡಿಯುತ್ತಿದ್ದವನು ನಾನು. ನಮ್ಮಮ್ಮ ತೀರಿಕೊಂಡು, ವರ್ಷದ ಕಾರ್ಯ ಮುಗಿಯುವ ತನಕ ಮನೆಯಲ್ಲಿ ಹಬ್ಬವಿಲ್ಲ, ಹೋಳಿಗೆ ಹೆಂಚು ಒಲೆ ಏರುವಂತಿಲ್ಲ ಎಂದು ಹಿರಿಯರು ಹೇಳಿದರು ನೋಡಿ, ಆವತ್ತೇ ಶುರುವಾಯಿತು. ಪಕ್ಕದ ಮನೆಯವರು ಕೊಟ್ಟರೂ ಮುಟ್ಟುವಂತಿಲ್ಲ ಎಂಬುದು ಹಿರಿಯರು ಹೇಳಿದ್ದಲ್ಲ. ನನ್ನ ಹೆಂಡತಿ ಸರೋಜ ತಾನೇ ಸೇರಿಸಿದ ತಿದ್ದುಪಡಿ. ನಮ್ಮಮ್ಮನ ಮೇಲೆ ನನಗೆ ಪ್ರೀತಿ ಕಡಿಮೆಯೇನಲ್ಲ. ಆದರೆ ಪ್ರೀತಿ ಇರುವುದು ಎದೆಯಲ್ಲಿ, ನಾಲಗೆ ಇರುವುದು ಅದಕ್ಕಿಂತ ಒಂದು ಗೇಣು ಮೇಲೆ. ಕೆಳಗಿನ ಮನೆಯವರ ದುಃಖ ಮೇಲಿನ ಮನೆಯವರಿಗೆ ಸರಿಯಾಗಿ ಕೇಳಿಸುವುದಿಲ್ಲ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಟೀ ಅಂಗಡಿ. ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು ನಾನು. ಆದರೆ ಕೋಳಿ ಕೂಗುವ ಮುಂಚೆ ಒಲೆ ಹಚ್ಚುವುದರಲ್ಲಿ ಈ ಸುತ್ತಮುತ್ತ ನನ್ನನ್ನು ಮೀರಿಸಿದವರಿಲ್ಲ. ಬೇಕಾದರೆ ಕೋಳಿಯನ್ನೇ ಕೇಳಿ. ಹಾಲು ಉಕ್ಕುವ ಮುಂಚೆ ಅದರ ಸದ್ದಿನಲ್ಲೇ ಉಕ್ಕುವುದನ್ನು ಹೇಳಬಲ್ಲೆ. ಇಂಥವನು ಯುಗಾದಿಯ ದಿನ ಬೀದಿಯ ಎಲ್ಲಾ ಅಡುಗೆಮನೆಯಿಂದ ಬೇಯುವ ಬೇಳೆ, ಕರಗುವ ಬೆಲ್ಲದ ವಾಸನೆ ಬರುತ್ತಿರುವಾಗ ಅನ್ನ ಸಾರು ಉಂಡು ಎದ್ದೆ. ಎದ್ದವನಿಗೆ ಅಂಗಡಿಯ ದಾರಿಯಲ್ಲೇ ಒಂದು ಯೋಚನೆ ಹೊಳೆಯಿತು. ಹೋಳಿಗೆ ತಿನ್ನಬಾರದು ಅಂದಿದ್ದಾರೆ, ಸರಿ. ಕುಡಿಯಬಾರದು ಅಂತ ಯಾರೂ ಅಂದಿಲ್ಲವಲ್ಲ.

ಅವತ್ತಿನಿಂದ ಬೆಳಗಿನ ಗಿರಾಕಿಗಳು ಕರಗಿದ ಮೇಲೆ ಇದೇ ಕೆಲಸ. ತೊಗರಿಬೇಳೆಯನ್ನು ಕೆಂಪಗೆ ಹುರಿದೆ, ಒಣಕೊಬ್ಬರಿಯನ್ನು ಘಮ್ಮೆನ್ನುವ ತನಕ ಬಾಡಿಸಿದೆ. ಏಲಕ್ಕಿ, ಒಣಶುಂಠಿ, ಚೂರು ಜಾಯಿಕಾಯಿ ಸೇರಿಸಿ ಕುಟ್ಟಿ ಟೀ ಸೊಪ್ಪಿಗೆ ಬೆರೆಸಿದೆ. ಬೆಲ್ಲ ಬಿದ್ದರೆ ಹಾಲು ಒಡೆಯುತ್ತದೆ, ಅದಕ್ಕೇ ಹಾಲು ಬಿಟ್ಟು ಬರೀ ಕಪ್ಪು ಟೀ. ಮೊದಲ ಸಲ ಅದು ಆಯುರ್ವೇದದ ಅಂಗಡಿಯ ಕಷಾಯವಾಯಿತು. ಇನ್ನೊಂದು ಸಲ ಸೀಗೆಕಾಯಿ ನೀರಾಯಿತು. ಬಿಡಲಿಲ್ಲ. ಒಂದು ಮಧ್ಯಾಹ್ನ ಲೋಟ ಎತ್ತಿ, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು ಕಣ್ಣು ಬಿಟ್ಟೆ. ಎದುರಿಗೆ ಬಾಳೆಎಲೆ ಇಲ್ಲದ್ದು ಕಂಡು ನನಗೇ ಆಶ್ಚರ್ಯವಾಯಿತು. ಮೈಯೆಲ್ಲ ಜುಮ್ಮೆಂದಿತು. ವಿಮಾನ ಕಂಡುಹಿಡಿದವನಿಗೂ ಹೀಗೇ ಆಗಿರಬೇಕು. ಆದರೆ ಅವನು ಅದನ್ನು ಕುಡಿಯುವ ಹಾಗಿರಲಿಲ್ಲ.

ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಹೋಳಿಗೆ ಟೀ’ ಎಂದು ಬರೆದೆ. ತಪ್ಪಾದದ್ದು ಅಲ್ಲಿ. ನಮ್ಮ ಜನ ಹೋಳಿಗೆಯ ಹೆಸರು ಕೇಳಿದರೆ ಸಾಕು, ಗಿರಾಕಿಗಳಾಗಿ ಬಂದವರು ನೆಂಟರಾಗಿಬಿಡುತ್ತಾರೆ. “ತುಪ್ಪ ಎಲ್ಲಣ್ಣ?” ಎಂದ ಒಬ್ಬ. ಎದುರು ಟೈರ್ ಅಂಗಡಿಯ ಬಾಷು ಸಾಬರು, ಮೂಲ ಶಿರಾದವರು, ಲೋಟ ಖಾಲಿ ಮಾಡಿ ಕೂತೇ ಇದ್ದರು. “ಏನ್ ಸಾಬ್ರೇ, ಇನ್ನೇನ್ ಬೇಕು?” ಎಂದೆ.

“ಹೋಳಿಗೆ ಅಂದ್ಮೇಲೆ ಒಂದೇ ಬಡಿಸೋದು ಎಲ್ಲೈತೆ ಗುರುವೇ? ಇನ್ನೊಂದು ಹಾಕು. ನಾನು ಬ್ಯಾಡ ಬ್ಯಾಡ ಅಂತೀನಿ, ನೀನು ಬಲವಂತ ಮಾಡ್ಬೇಕು. ಕಂಜೂಸ್ ಮಾಡ್ಬ್ಯಾಡ.”

ಬಲವಂತ ಮಾಡಿದೆ. ಅವರು ಬಾಯಲ್ಲಿ ಬೇಡ ಬೇಡ ಅನ್ನುತ್ತಲೇ ಲೋಟ ಮುಂದೆ ಹಿಡಿದರು. ಈ ಸಡಗರ ಸಂಜೆಯೊಳಗೆ ನನ್ನ ಮನೆಯ ಬಾಗಿಲು ತಟ್ಟಿತು.

“ಅತ್ತೆ ವರ್ಷ ತುಂಬಿಲ್ಲ, ನೀವು ರೋಡಲ್ಲಿ ಕುಂತ್ಕಂಡು ಹೋಳಿಗೆ ಹಂಚ್ತಾ ಇದ್ದೀರಂತೆ?” ಎಂದಳು ಸರೋಜ.

“ಅದು ಟೀ ಕಣೇ.”

“ಟೀ ಆದ್ರೆ ಹೋಳಿಗೆ ಅಂತ ಯಾಕ್ ಬರೆದ್ರಿ?”

“ಹೋಳಿಗೆ ರುಚಿ ಬತ್ತದೆ ಅದಕ್ಕೆ.”

“ರುಚಿ ಬಂದ್ರೆ ಹೋಳಿಗೇನೇ. ನಾಲಗೆಗೇನು ಓದೋಕ್ ಬತ್ತದಾ, ಹಲಗೆ ನೋಡಿ ತಿಳ್ಕಳಕ್ಕೆ?”

ಕೊನೆಗೆ ಒಂದು ತೀರ್ಮಾನವಾಯಿತು. ವೈ.ಎನ್. ಹೊಸಕೋಟೆಯಿಂದ ಅವಳ ತಮ್ಮ ನಾಗಪ್ಪ ಮಾರನೇ ದಿನ ಬರುವವನಿದ್ದ. ವರ್ಷದ ಕಾರ್ಯವಾದ ಮೇಲೆ ನಮ್ಮ ಬಾಯಿಗೆ ಸಿಹಿ ಇಡಬೇಕಾದವನೂ ಅವನೇ. ಅವನು ಕುಡಿದು ಹೇಳಲಿ. ಹೋಳಿಗೆ ಹೌದು ಅಂದರೆ ಟೀ ಬಂದ್, ಅಲ್ಲ ಅಂದರೆ ಮಾರಿಕೊಳ್ಳಬಹುದು.

ನನ್ನ ಫಜೀತಿ ನೋಡಿ. ಟೀ ಉಳಿಯಬೇಕಾದರೆ ಅದು ಕೆಟ್ಟಿರಬೇಕು. ಚೆನ್ನಾಗಿದ್ದರೆ ಸತ್ತಿತು. ಬೆಳಗ್ಗೆ ಅಂಗಡಿಯಲ್ಲಿ ಸರೋಜ, ನಾಗಪ್ಪ ಇಬ್ಬರೂ ಬೆಂಚಿನ ಮೇಲೆ ಕೂತಿರುವಾಗ ಏಲಕ್ಕಿ ಅರ್ಧ ಹಾಕಿ ಕೆಡಿಸಿಬಿಡೋಣ ಎಂದು ಮನಸ್ಸು ಹೇಳಿತು. ಕೈ ಕೇಳಲಿಲ್ಲ. ಇಷ್ಟು ವರ್ಷ ಒಲೆಯ ಮುಂದೆ ಬೆಂದ ಕೈ, ಬೇಕೆಂದು ಕೆಟ್ಟ ಟೀ ಮಾಡುವುದಕ್ಕೆ ಅದಕ್ಕೆ ಬರುವುದೇ ಇಲ್ಲ. ನನ್ನ ಜೀವನದಲ್ಲೇ ಅಷ್ಟು ಒಳ್ಳೆಯ ಟೀ ಇಳಿದಿರಲಿಲ್ಲ.

ನಾಗಪ್ಪ ಕುಡಿದ. ಕಣ್ಣು ಮುಚ್ಚಿದ. “ಭಲೇ ಉಂದಿ ಬಾವಾ!” ಎಂದ. ಅವರ ಕಡೆ ಸಂತೋಷ ಯಾವಾಗಲೂ ತೆಲುಗಿನಲ್ಲೇ ಬರುವುದು. “ಅಕ್ಕಾ, ಅಂಗೇ ನಿನ್ ಹೋಳಿಗೆ ಕಣಕ್ಕಾ.”

ನನ್ನ ಎದೆ ಉಬ್ಬಿತು, ಅದೇ ಉಸಿರಿನಲ್ಲಿ ಕುಸಿಯಿತು. ಆದರೆ ಸರೋಜಳ ಮುಖ ಬಿಗಿಯಾಗಿದ್ದು ಬೇರೆ ಕಾರಣಕ್ಕೆ.

“ನನ್ ಹೋಳಿಗೆ ಅಂಗಾ? ಕೊಡಿಲ್ಲಿ,” ಎಂದು ತಾನೇ ಲೋಟ ತೆಗೆದುಕೊಂಡಳು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ರಸ್ತೆ ನೋಡುತ್ತಾ ಕೂತಳು. ಒಂದು ಬಸ್ಸು ಬಂದು, ಜನ ಇಳಿಸಿ, ಹೊರಟೂ ಹೋಯಿತು.

“ಇದು ಹೋಳಿಗೆ ಅಲ್ಲ,” ಎಂದಳು. “ನನ್ ಹೋಳಿಗೆ ಇಂಗಿದ್ದಿದ್ರೆ ಅತ್ತೆ ನನ್ನ ಮದುವೆ ವರ್ಷನೇ ತೌರಿಗೆ ಕಳಿಸಿರೋರು. ಟೀನೇ ಇದು. ಮಾರ್ಕಳಿ.”

ಗೆದ್ದೆ. ಅಲ್ಲಿಗೆ ಸುಮ್ಮನಾಗಿ ಕೈ ಮುಗಿದಿದ್ದರೆ ಎಲ್ಲ ಸುಖಾಂತ. ನಾನು ಏನು ಮಾಡಿದೆ ಗೊತ್ತೆ? “ಏನ್ ಕಮ್ಮಿ ಆಗೈತೆ ಇದರಲ್ಲಿ? ಗಂಟಲಿಗೆ ಇಳಿಯೋಕ್ ಮುಂಚೆ ತೀರ್ಪು ಕೊಟ್ಟರೆ ಹೆಂಗೆ? ಸರಿಯಾಗಿ ಕುಡಿದು ನೋಡು. ಇದು ಅಪ್ಪಟ ಹೋಳಿಗೆ,” ಎಂದು ವಾದಕ್ಕೆ ನಿಂತೆ. ಗೆದ್ದ ಕೇಸನ್ನು ಸೋಲುವುದಕ್ಕೆ ಇಷ್ಟು ಬೆವರು ಸುರಿಸಿದ ಕಕ್ಷಿದಾರ ಮಧುಗಿರಿ ಕೋರ್ಟಿನಲ್ಲೂ ಇರಲಿಕ್ಕಿಲ್ಲ. ನಾಗಪ್ಪ ಬೆಂಚಿನ ಕೆಳಗೆ ನನ್ನ ಕಾಲು ತುಳಿಯುತ್ತಲೇ ಇದ್ದ.

“ಸರಿ ಬುಡಿ, ಸರಿಯಾಗೇ ನೋಡ್ತೀನಿ,” ಎಂದು ಸರೋಜ ಇನ್ನೊಂದು ಲೋಟ ತುಂಬಿಸಿಕೊಂಡಳು. ತಳದಲ್ಲಿದ್ದ ಬೆಲ್ಲದ ಕೊನೆಯ ಹನಿಯ ತನಕ ಕುಡಿದು, ಸೆರಗಿನಲ್ಲಿ ತುಟಿ ಒರೆಸಿಕೊಂಡು, “ಅಲ್ಲ,” ಎಂದಳು.

ಈಗ ಟೀ ಚೆನ್ನಾಗಿ ಓಡುತ್ತಿದೆ. ಆದರೆ ದಿನಾ ಸಂಜೆ ಒಂದು ಫ್ಲಾಸ್ಕ್ ಮನೆಗೆ ಹೋಗಬೇಕು. ಎಲ್ಲಾದರೂ ಹೋಳಿಗೆ ಆಗಿಬಿಟ್ಟಿದೆಯೋ ಏನೋ, ನೋಡಬೇಕಲ್ಲ, ವರ್ಷ ತುಂಬಿಲ್ಲ ಎನ್ನುತ್ತಾಳೆ ಸರೋಜ. ಪೂರ್ತಿ ಫ್ಲಾಸ್ಕ್ ನೋಡಿ ಮುಗಿಸಿ, “ಅಲ್ಲ,” ಎನ್ನುತ್ತಾಳೆ. ಅವಳು ಅಲ್ಲ ಅನ್ನುವ ತನಕ ನನ್ನ ವ್ಯಾಪಾರಕ್ಕೆ ಮೋಸವಿಲ್ಲ. ಹೌದು ಅಂದ ದಿನ ಹಲಗೆ ಒರೆಸಬೇಕು. ಇಷ್ಟೆಲ್ಲ ಗೊತ್ತಿದ್ದೂ ಇವತ್ತು ಅವಳ ಫ್ಲಾಸ್ಕಿಗೆ ಮಾತ್ರ ಒಂದು ಚಮಚ ಬೇಳೆ-ಏಲಕ್ಕಿ ಪುಡಿ ಹೆಚ್ಚಿಗೆ ಹಾಕಿದ್ದೇನೆ.