ಮಾವನ ಫೋನಿನಲ್ಲಿ ಲಾಗ್

ಮ್ಯಾನೇಜರ್ ಮೇಡಂ ಅವರ ಮಾವನ ಫೋನಿನಲ್ಲಿ ಆ್ಯಪ್ ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ ಎಂಬ ಒಂದೇ ಒಂದು ದೂರು ನಮ್ಮ ಟ್ರೈನಿಯ ಆರು ತಿಂಗಳ ದುಡಿಮೆಯನ್ನು ನುಂಗಿಹಾಕುವ ಹಾಗಿತ್ತು. ಆ್ಯಪ್ ಅವನದೇ ಕೈಕೂಸು. ತಾಸಿಗೊಮ್ಮೆ ಗಂಟೆ ಬಾರಿಸಿ, "ಎದ್ದು ಹತ್ತು ನಿಮಿಷ ನಡೆಯಿರಿ" ಎಂದು ಜನರನ್ನು ಕುರ್ಚಿಯಿಂದ ಎಬ್ಬಿಸುವುದು ಅದರ ಕೆಲಸ. ಬೇರೆ ಯಾರೂ ಚಕಾರ ಎತ್ತಿರಲಿಲ್ಲ. ಡಾಕ್ಟರು ನಡೆಯಲೇಬೇಕೆಂದು ಹೇಳಿ ಕಳಿಸಿದ್ದ ಮಾವನ ಹತ್ತಿರ ಮಾತ್ರ ಅದರ ಆಟ ನಡೆಯುತ್ತಿರಲಿಲ್ಲ.

"ಇವತ್ತು ಐದು ಗಂಟೆ ಒಳಗೆ ದೋಷ ಏನು ಅಂತ ಹೇಳು, ನಾಳೆಯಿಂದ ನೀನು ಪರ್ಮನೆಂಟ್," ಎಂದರು ಮೇಡಂ. "ಇಲ್ದಿದ್ರೆ ಇನ್ನೂ ಆರು ತಿಂಗಳು ಟ್ರೈನಿ."

ಮೂವತ್ತೆರಡರ ಟ್ರೈನಿ ತಲೆಯಾಡಿಸಿದ. ಅವನು ಪರ್ಮನೆಂಟ್ ಆದನೆಂದು ಹೆಂಡತಿ ಆಗಲೇ ಬೀದಿಗೆಲ್ಲ ಹೇಳಿ ಮುಗಿಸಿದ್ದಳು.

ತೊಂದರೆ ಏನೆಂದರೆ, ಆ ಫೋನನ್ನು ಆಫೀಸಿಗೆ ತಂದು ಕಂಪ್ಯೂಟರಿಗೆ ಕಟ್ಟಿದರೆ ಆ್ಯಪ್ ಅತ್ತೆಮನೆಗೆ ಮೊದಲ ಸಲ ಬಂದ ಅಳಿಯನಂತೆ ನೆಟ್ಟಗಿರುತ್ತಿತ್ತು. ಮನೆಗೆ ಹೋದ ಕೂಡಲೇ ಮತ್ತೆ ಅದೇ ರಾಗ. ಕಡೆಗೆ ಟ್ರೈನಿಗೆ ಉಪಾಯ ಹೊಳೆಯಿತು. ಆ್ಯಪ್ ಮಾಡುವ ಒಂದೊಂದು ಕೆಲಸವನ್ನೂ, ಯಾವಾಗ ಯಾವ ಗುಂಡಿ ಒತ್ತಿದರು ಎಂಬುದನ್ನೂ ಸೆಕೆಂಡು ಸಮೇತ ಫೋನಿನೊಳಗೇ ಒಂದು ಫೈಲಿನಲ್ಲಿ ಬರೆದಿಡುವುದು. ಕಸುಬಿನವರು ಇದಕ್ಕೆ ಲಾಗ್ ಎನ್ನುತ್ತಾರೆ. ಬೆಳಗ್ಗೆಯೇ ಹೊಸ ಆ್ಯಪ್ ಕಳಿಸಿ, ಮಾವನಿಗೆ ಫೋನ್ ಮಾಡಿದ.

"ಸಾರ್, ಇವತ್ತು ಮಧ್ಯಾಹ್ನದವರೆಗೆ ಲಾಗ್ ಹಾಕ್ಬೇಕು. ಆಮೇಲೆ ನಾನೇ ಮನೆಗೆ ಬಂದು ನೋಡ್ತೀನಿ."

"ಏನ್ ಹಾಕ್ಬೇಕು?"

"ಲಾಗ್ ಸಾರ್. ಅದನ್ನ ಹಾಕದೆ ದೋಷ ಗೊತ್ತಾಗಲ್ಲ."

"ನಂಗೆ ಎಪ್ಪತ್ತೊಂದು ಕಣಪ್ಪ," ಎಂದರು ಮಾವ.

"ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ ಸಾರ್. ತಾನಾಗೇ ಆಗುತ್ತೆ," ಎಂದು ಧೈರ್ಯ ಹೇಳಿ ಟ್ರೈನಿ ಫೋನಿಟ್ಟ.

ಮೂರು ಗಂಟೆಗೆ ಹೋಗಿ ನೋಡಿದರೆ, ಮೇಡಂ ಮನೆಯ ಹಾಲಿನಲ್ಲಿ ಸೋಫಾ ಗೋಡೆಗೆ ಸರಿದಿತ್ತು. ನಡುವೆ ಎರಡು ಹಾಸಿಗೆ ಜೋಡಿಸಿ ಹಾಸಿತ್ತು. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಕೊರಳಿಗೆ ಸೀಟಿ ಹಾಕಿಕೊಂಡು ನಿಂತಿದ್ದರು. ಮಾವ ಮೂಲೆಯಲ್ಲಿ ಮಂಡಿ ಹಿಡಿದುಕೊಂಡು ಕುಳಿತಿದ್ದರು.

"ಯಜಮಾನ್ರ ಕೈಲಿ ಲಾಗ ಹಾಕಿಸೋನು ನೀನೇನಾ?" ಎಂದರು ಮೇಷ್ಟ್ರು. "ಮೊದಲು ನೀನು ಹಾಕಿ ತೋರಿಸು. ಗದ್ದ ಎದೆಗೆ ತಾಗಿಸು. ಹೂಂ."

"ಅಯ್ಯೋ, ಅದು ಈ ಲಾಗ ಅಲ್ಲ ಸಾರ್, ನಾನು ಹೇಳಿದ್ದು..."

ಮೇಷ್ಟ್ರು ಸೀಟಿ ಊದಿದರು. ಮೂವತ್ತು ವರ್ಷ ಮಕ್ಕಳನ್ನು ಉರುಳಿಸಿದ ಸೀಟಿ ಅದು. ಅದರ ಮುಂದೆ ವಿವರಣೆ ನಡೆಯುವುದಿಲ್ಲ. ಟ್ರೈನಿ ಉರುಳಿದ. ಕಾಲು ಹೋಗಿ ಸೋಫಾಕ್ಕೆ ಬಡಿಯಿತು, ಕತ್ತು ಉಳುಕಿತು. ಈ ವಯಸ್ಸಿನಲ್ಲಿ ಲಾಗ ಹಾಕಿಸುತ್ತಿದ್ದಾನೆಂದು ಮಾವ ಫೋನಿನಲ್ಲಿ ಕೊಟ್ಟ ದೂರು ಕೇಳಿ ಆಫೀಸಿನಿಂದ ಓಡಿಬಂದ ಮೇಡಂ ಬಾಗಿಲು ತೆಗೆದದ್ದೂ ಆಗಲೇ. ಅವರ ಕಣ್ಣಿಗೆ ಮೊದಲು ಬಿದ್ದದ್ದು ಅವನ ಕಾಲುಚೀಲದ ತೂತು.

"ದೋಷ ಹುಡುಕು ಅಂತ ಕಳಿಸಿದ್ರೆ ಇಲ್ಲಿ ಬಂದು ಲಾಗ ಹಾಕ್ತಿದೀಯಾ?"

ಟ್ರೈನಿ ಕತ್ತು ಎಡಕ್ಕೆ ವಾಲಿಸಿಕೊಂಡೇ ಎದ್ದು, ಮಾವನ ಫೋನು ತೆಗೆದುಕೊಂಡು ಫೈಲು ಬಿಚ್ಚಿದ. ಓದುತ್ತ ಓದುತ್ತ ನೋವೇ ಮರೆತುಹೋಯಿತು.

"ಮೇಡಂ, ಆ್ಯಪ್ ತಾನಾಗಿ ಒಂದ್ಸಲಾನೂ ಮುಚ್ಕೊಂಡಿಲ್ಲ. ಹತ್ತಕ್ಕೆ ಸರಿಯಾಗಿ ಗಂಟೆ ಹೊಡೆದಿದೆ. ಮೂರು ಸೆಕೆಂಡಿಗೆ ಸಾರ್ ತಾವೇ ಗುಂಡಿ ಒತ್ತಿ ಮುಚ್ಚಿದ್ದಾರೆ. ಹನ್ನೊಂದಕ್ಕೂ ಹಾಗೇ. ಹನ್ನೆರಡಕ್ಕೆ ಎರಡೇ ಸೆಕೆಂಡು."

"ಸುಳ್ಳು," ಎಂದರು ಮಾವ. "ಅವನು ಬರೆಸಿದ ಫೈಲು ಅವನ ಪರವಾಗಿ ತಾನೆ ಹೇಳೋದು?"

"ನಾನೂ ಇದೇ ಆ್ಯಪ್ ಇಟ್ಕೊಂಡು ದಿನಾ ನಡೀತೀನಲ್ಲ ಮಾವ, ನಿಮಗೇನು ಕಷ್ಟ?" ಮೇಡಂ ದನಿಯಲ್ಲಿ ಗೆಲುವಿತ್ತು. ಆ ಮನೆಯಲ್ಲಿ ಈ ಮಾತನ್ನು ದಿನವೂ ಊಟದ ಜೊತೆಗೇ ಬಡಿಸುತ್ತಿದ್ದರು.

ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ನಮ್ಮ ಟ್ರೈನಿ ಪರ್ಮನೆಂಟ್. ಆದರೆ ಅವನ ಫೈಲಿನ ಮೇಲೆ ಸುಳ್ಳಿನ ಆಪಾದನೆ ಬಂದಿತ್ತು, ಕಸುಬುದಾರನ ಮರ್ಯಾದೆಯ ಪ್ರಶ್ನೆ.

"ಫೈಲ್ ಸುಳ್ಳು ಹೇಳಲ್ಲ ಸಾರ್. ಹೊಸ ಆ್ಯಪ್ ಮೇಡಂ ಫೋನಿಗೂ ಹೋಗಿದೆ. ನಿಜವಾಗಿ ನಡೆಯೋರ ಲಾಗ್ ಹೇಗಿರುತ್ತೆ ಅಂತ ಈಗಲೇ ತೋರಿಸ್ತೀನಿ."

"ಬೇಡ ಬಿಡು," ಎಂದರು ಮೇಡಂ. "ಅದ್ರಲ್ಲಿ ಚಾರ್ಜ್ ಇಲ್ಲ."

"ತುಂಬಾ ಇದೆಯಲ್ಲಮ್ಮ," ಎಂದು ಮಾವ ಮೇಜಿನ ಮೇಲಿದ್ದ ಸೊಸೆಯ ಫೋನನ್ನು ತಾವೇ ಎತ್ತಿ ಕೊಟ್ಟರು. ಮೇಡಂ ಅರೆಮನಸ್ಸಿನಿಂದ ಬೀಗ ತೆಗೆದರು. ಮೇಷ್ಟ್ರೂ ಹತ್ತಿರ ಬಂದು ನಿಂತರು.

ಟ್ರೈನಿ ಎಲ್ಲರಿಗೂ ಕೇಳುವಂತೆ ಓದತೊಡಗಿದ. "ಹತ್ತಕ್ಕೆ ಸರಿಯಾಗಿ ಗಂಟೆ ಹೊಡೆದಿದೆ. ಒಂದು ಸೆಕೆಂಡಿಗೆ..." ದನಿ ಸಣ್ಣದಾಯಿತು. ಹನ್ನೊಂದರದ್ದನ್ನು ಅವನು ಓದಲಿಲ್ಲ.

ಸೊಸೆ ಮಾವನನ್ನು ನೋಡಿದರು. ಮಾವ ಸೊಸೆಯನ್ನು ನೋಡಿದರು. ಎಂಟು ವರ್ಷದಲ್ಲಿ ಆ ಇಬ್ಬರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು.

"ನೀವು ಹೇಳಿದ್ದೇ ಸರಿ ಮಾವ. ಆ್ಯಪ್ ತಾನಾಗೇ ಮುಚ್ಕೊಳ್ತಾ ಇದೆ."

"ನಂದೊಂದೇ ಅಂದ್ಕೊಂಡಿದ್ದೆ. ಪಾಪ, ನಿಂದೂ ಹಾಗೇನಾ ಅಮ್ಮ?"

ಮೇಡಂ ಎರಡೂ ಫೋನಿನ ಫೈಲುಗಳನ್ನು ಅಳಿಸಿ, ಟ್ರೈನಿಯ ಕಡೆ ತಿರುಗಿದರು. "ದೋಷ ದೊಡ್ಡದೇ ಇದೆ. ಇನ್ನಾರು ತಿಂಗಳು ಟ್ರೈನಿಯಾಗೇ ಇದ್ದು ನಿಧಾನಕ್ಕೆ ಹುಡುಕು," ಎಂದರು. "ಲಾಗ್ ಮಾತ್ರ ಹಾಕ್ಬೇಡ."