ಹತ್ತು ಸೋಪು, ಒಂದು ಗಡ್ಡ

ಸಾವಿರದ ಮುನ್ನೂರ ಎಂಬತ್ತು ರೂಪಾಯಿ. ಹತ್ತು ಶೇವಿಂಗ್ ಸೋಪುಗಳಿಗೆ ನಾನು ತೆತ್ತ ಬೆಲೆ ಇದು, ಅದೂ ಚೌಕಾಸಿ ಮಾಡಿದ ಮೇಲೆ! ಇದ್ದದ್ದು ಒಂದೇ ಗಡ್ಡ, ಅದೂ ನನ್ನದಲ್ಲ. ಹಾಗಾದರೆ ಯಾಕೆ ಕೊಂಡೆ? ನನಗೊಬ್ಬರು ಭಾವ ಇದ್ದಾರೆ, ಅದಕ್ಕೆ.

ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಪಂಪು, ಪೈಪು ಮಾರುವ ಅಂಗಡಿ ನನ್ನದು. ಸೈಕಲ್ಲಿಗೆ ಪೈಪು ಕಟ್ಟಿಕೊಂಡು ಆಯನೂರಿನವರೆಗೂ ತುಳಿದು ಮೇಲೆ ಬಂದವನು. ಬದನೆಕಾಯಿಯಿಂದ ಹಿಡಿದು ಸೈಟಿನವರೆಗೆ ಯಾವುದಕ್ಕೂ ಹೇಳಿದ ಬೆಲೆ ಕೊಟ್ಟವನಲ್ಲ. ಅಂಥ ನನ್ನ ಜೇಬಿಗೆ ಕೈಹಾಕುವ ಧೈರ್ಯ ಇಡೀ ಜಿಲ್ಲೆಯಲ್ಲಿ ಒಬ್ಬರಿಗೇ ಇದೆ. ಅವರು ಭದ್ರಾವತಿ ಹಳೇನಗರದಲ್ಲಿರುವ ನನ್ನ ಅಕ್ಕನ ಗಂಡ.

ಭಾವ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ವಿಭಾಗದಲ್ಲಿದ್ದವರು. ತಯಾರಾದ ಕಬ್ಬಿಣವನ್ನು ತಟ್ಟಿ, ಕುಟ್ಟಿ, ಪಾಸೋ ಫೇಲೋ ಹೇಳುವುದು ಕೆಲಸ. ನಿವೃತ್ತಿಯಾದ ಮೇಲೆ ಫೇಲು ಮಾಡಲು ಕಬ್ಬಿಣ ಸಿಗಬೇಕಲ್ಲ! ದೋಸೆಯನ್ನು ಫೇಲು ಮಾಡಿದರು, ಅಳಿಯನ ಕಾರನ್ನು ಫೇಲು ಮಾಡಿದರು. ಆದರೆ ಅವರ ನಿಜವಾದ ಪ್ರತಿಭೆ ಬೆಳಗಿದ್ದು ಶೇವಿಂಗ್ ಸೋಪಿನಲ್ಲಿ.

ಸೋಪಿಗೆ ಎರಡು ಪರೀಕ್ಷೆ. ಮೊದಲನೆಯದು ನೊರೆಗೆ. ಬಟ್ಟಲಲ್ಲಿ ಬ್ರಷ್ ತಿರುಗಿಸಿ ನೊರೆ ಎಬ್ಬಿಸಿ, ಅದರ ಮೇಲೆ ಒಂದು ರೂಪಾಯಿಯ ನಾಣ್ಯ ಇಡುತ್ತಾರೆ. ರೇಡಿಯೋದಲ್ಲಿ ಪ್ರದೇಶ ಸಮಾಚಾರ ಮುಗಿಯುವವರೆಗೆ ನಾಣ್ಯ ಮುಳುಗಬಾರದು. ಎರಡನೆಯದು ಪರಿಮಳಕ್ಕೆ. ಕೆನ್ನೆಗೆ ನೊರೆ ಬಳಿದುಕೊಂಡು ಹಜಾರದಲ್ಲಿ ನಿಂತು ಕೂಗುತ್ತಾರೆ, "ಬಂತೇನೇ?" ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿರುವ ಅಕ್ಕ "ಬಂತು" ಅನ್ನಬೇಕು. ಒಗ್ಗರಣೆಯನ್ನು ದಾಟಿ ಬಾರದ ಪರಿಮಳ ಅವರ ಲೆಕ್ಕದಲ್ಲಿ ಪರಿಮಳವೇ ಅಲ್ಲ! ಅಕ್ಕ ಪಾಪ, ಬೇಗ ಸ್ನಾನಕ್ಕೆ ಹೋಗಲಿ ಅಂತ ಬಾರದಿದ್ದರೂ ಬಂತು ಅನ್ನುತ್ತಾಳೆ. ಈ ಗುಟ್ಟು ನಿಮ್ಮಲ್ಲೇ ಇರಲಿ.

ಅಳಿಯ ಒಂದು ದೀಪಾವಳಿಗೆ ಒತ್ತಿದರೆ ಬುಸ್ಸನೆ ನೊರೆ ಬರುವ ಡಬ್ಬಿ ತಂದುಕೊಟ್ಟಿದ್ದ. ಭಾವ ಒಮ್ಮೆ ಒತ್ತಿ ನೋಡಿ ವಾಪಸು ಕೊಟ್ಟರು. "ಇದು ನೊರೆ ಅಲ್ಲಪ್ಪ, ಗಾಳಿ. ದುಡ್ಡು ಕೊಟ್ಟು ಗಾಳಿ ಹಾಕಿಸ್ಕೊಳ್ಳೋಕೆ ನಾನೇನು ಸೈಕಲ್ ಟ್ಯೂಬಾ?"

ಮೂವತ್ತು ವರ್ಷದಿಂದ ಎರಡೂ ಪರೀಕ್ಷೆಯಲ್ಲಿ ಪಾಸಾಗುತ್ತ ಬಂದದ್ದು ಒಂದೇ ಒಂದು ಚಂದನದ ಸೋಪು. ಈ ವರ್ಷ ಅಂಗಡಿಯವನು "ಆ ಮಾಲು ಬರ್ತಾ ಇಲ್ಲ ಸಾರ್" ಅಂದುಬಿಟ್ಟ. ಬರೀ ಭಾವನ ಗಡ್ಡದ ಪ್ರಶ್ನೆಯಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದು ದೋಸ್ತ್‌ನ ಗಡ್ಡದ ಪ್ರಶ್ನೆಯಾಗಿತ್ತು.

ದೋಸ್ತ್ ಅಂದರೆ ಭಾವನ ಜೊತೆ ಒಂದೇ ಪಾಳಿಯಲ್ಲಿ ದುಡಿದ ಗೆಳೆಯ. ಭಾವ ಹಾಗೇ ಕರೆಯುವುದರಿಂದ ನಮಗೆಲ್ಲರಿಗೂ ಅವರು ದೋಸ್ತ್. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಅಂದಿನಿಂದ ಪ್ರತಿ ಭಾನುವಾರ ಭಾವನೇ ಹೋಗಿ ಅವರ ಗಡ್ಡ ಮಾಡುತ್ತಿದ್ದರು. ಗಡ್ಡ ಮಾಡಿಸಿಕೊಂಡ ದೋಸ್ತ್ ಜಗುಲಿಗೆ ಬಂದು ಕೂತು, ಬೀದಿಯಲ್ಲಿ ಹೋಗುವವರಿಗೆಲ್ಲ ಎಡಗೈ ಎತ್ತುತ್ತಿದ್ದರು. ಈಗ ಮಗ ಊರಾಚೆಯ ಲೇಔಟಿನಲ್ಲಿ ಹೊಸ ಮನೆ ಕಟ್ಟಿಸಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದ. ಹೊಸ ಮನೆಯ ಮೊದಲ ಭಾನುವಾರ ಭಾವ ಹೊಸದೊಂದು ಸೋಪು ಹಚ್ಚಿ ಎರಡು ಸಲ ಬ್ಲೇಡ್ ಎಳೆದದ್ದಷ್ಟೇ, ದೋಸ್ತ್ ಮುಖ ತಿರುಗಿಸಿದವರು ಮತ್ತೆ ಕೊಡಲಿಲ್ಲ. ಕ್ಷೌರದಂಗಡಿಯವನು ಬಂದರೂ ಇಲ್ಲ, ಮಗ ಕೂತರೂ ಇಲ್ಲ.

"ಮೂರು ವಾರ ಆಯ್ತಣ್ಣ. ಗಡ್ಡ ಬಿಟ್ಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ. ಊಟನೂ ಅರ್ಧಕ್ಕೆ ಬಿಡ್ತಾರೆ" ಎಂದು ದೋಸ್ತ್‌ನ ಹೆಂಡತಿ ಭಾವನ ಹತ್ತಿರ ಕಣ್ಣೀರಿಟ್ಟರು.

ಭಾವನ ತೀರ್ಪು ತಯಾರಿತ್ತು. "ಸೋಪು! ಅವನಿಗೆ ಹಳೇ ಸೋಪಿನ ವಾಸನೆ ಬೇಕು. ಅಷ್ಟೇ ಗಟ್ಟಿ ನೊರೆ ಬೇಕು. ಅಂಥದ್ದನ್ನ ಹುಡುಕೋ ತನಕ ನಾನು ಬಿಡಲ್ಲ." ನಂತರ ನನಗೆ ಫೋನು. "ಏನಪ್ಪಾ, ಗಾಂಧಿ ಬಜಾರಲ್ಲಿ ನಿನಗೆ ಎಲ್ಲರೂ ಗೊತ್ತಲ್ವಾ? ನಾಳೆ ಬರ್ತೀನಿ."

ಬಂದರು. ಕೈಚೀಲದಲ್ಲಿ ಬ್ರಷ್ಷು, ಬಟ್ಟಲು, ನಾಣ್ಯ, ಜೊತೆಗೆ ಎರಡು ಲೀಟರಿನ ಬಾಟಲಿಯಲ್ಲಿ ನೀರು!

"ನೀರು ಯಾಕೆ ಭಾವ? ಶಿವಮೊಗ್ಗದಲ್ಲಿ ನೀರು ಸಿಗಲ್ವಾ?"

"ಇದು ಭದ್ರೆ ನೀರು ಮಾರಾಯ. ನಮ್ಮನೆ ನಲ್ಲೀದು. ನಿಮ್ಮ ತುಂಗೆ ನೀರಲ್ಲಿ ಪರೀಕ್ಷೆ ಮಾಡಿ, ಭದ್ರಾವತೀಲಿ ಗಡ್ಡ ಮಾಡೋಕಾಗುತ್ತಾ? ಪರೀಕ್ಷೆ ಅಂದ್ರೆ ಪರೀಕ್ಷೆ ಥರ ಇರಬೇಕು."

ಬಜಾರಿನ ಅಂಗಡಿಯವನು ಇದನ್ನು ಕೇಳಿಸಿಕೊಂಡು ಸಿಟ್ಟಾದ. "ಯಜಮಾನ್ರೇ, ತುಂಗೆ ನೀರಿಗೇನಾಗಿದೆ?"

"ಕುಡಿಯೋಕೆ ಬಹಳ ಸೊಗಸು. ಗಡ್ಡಕ್ಕೆ ಸಾಲಲ್ಲ" ಎಂದು ಭಾವ ಗಲ್ಲಾಪೆಟ್ಟಿಗೆಯ ಮೇಲೆ ಬಟ್ಟಲು ಇಟ್ಟೇಬಿಟ್ಟರು. ಎಡಗೆನ್ನೆಗೆ ಚಂದನ, ಬಲಗೆನ್ನೆಗೆ ನಿಂಬೆ, ಗದ್ದಕ್ಕೆ ಬೇವು! ಮೂರು ಬಣ್ಣದ ನೊರೆ ಹೊತ್ತುಕೊಂಡು ನಡುಹಗಲಿನಲ್ಲಿ ರಸ್ತೆಗೆ ಮುಖಮಾಡಿ ನಿಂತರು. ಹೋಗುವವರು ನಿಂತರು, ನಿಂತವರು ಕೇಳಿದರು, ಕೇಳಿದವರಿಗೆ ಭಾವ ಮೂಗಿನ ಹತ್ತಿರ ಕೆನ್ನೆ ಒಡ್ಡಿದರು. "ಮೂಸಿ ನೋಡಿ, ಸಂಕೋಚ ಬೇಡ." ಒಬ್ಬ ಆಟೋದವನು ನಿಜವಾಗಿಯೂ ಮೂಸಿ, "ನಿಂಬೆ ಬೇಡ ಸಾರ್, ಪಾತ್ರೆ ತೊಳೆದಂಗಿದೆ" ಎಂದು ತೀರ್ಪು ಕೊಟ್ಟ. ನೋಡುನೋಡುತ್ತ ನಾಲ್ಕು ಜನ ಚಂದನದ ಸೋಪು ಕೊಂಡರು.

ನಾನು ಇಂಥ ಹೊತ್ತಿನಲ್ಲಿ ಸುಮ್ಮನಿರುವವನೇ? "ಏನು ಸಾವ್ಕಾರ್ರೆ, ನಮ್ಮ ಭಾವ ನಿಮಗೆ ಪುಕ್ಕಟೆ ಜಾಹೀರಾತು ಕೊಡ್ತಿದ್ದಾರೆ. ನಮಗೆ ರೇಟು ಹಾಕಿಕೊಡಿ" ಎಂದು ಶೇಕಡಾ ಹದಿನೈದು ಇಳಿಸಿದೆ. ಇಲ್ಲೊಂದು ಮಾತು ನೆನಪಿಡಿ. ಅಂಗಡಿಯಲ್ಲಿ ಜನ ಸೇರಿದಾಗಲೇ ಚೌಕಾಸಿ ಮಾಡಬೇಕು. ನಾಲ್ಕು ಜನರ ಮುಂದೆ ಜಿಪುಣ ಅನ್ನಿಸಿಕೊಳ್ಳಲು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ.

ಅಂದು ಪಾಸಾದ ನಾಲ್ಕು ಸೋಪು ಹಿಡಿದು ಭಾನುವಾರ ದೋಸ್ತ್‌ನ ಹೊಸ ಮನೆಗೆ ಹೋದೆವು. ಗಾಂಧಿ ಬಜಾರಿನಲ್ಲಿ ಗೋಪುರದಂತೆ ಎದ್ದಿದ್ದ ನೊರೆ ಅಲ್ಲಿ ಒಡೆದ ಹಾಲಿನಂತೆ ಬಟ್ಟಲ ತಳದಲ್ಲಿ ಮುದುಡಿತು. ನಾಣ್ಯ ಇಟ್ಟ ಕೂಡಲೇ ಠಣ್ ಅಂತ ತಳ ಮುಟ್ಟಿತು! ಪರಿಮಳವೋ, ಬ್ರಷ್ ಬಿಟ್ಟು ಏಳಲಿಲ್ಲ. ದೋಸ್ತ್ ಒಮ್ಮೆ ಭಾವನನ್ನು ನೋಡಿದರು, ಗೋಡೆ ಕಡೆ ತಿರುಗಿದರು.

"ಮೋಸ! ಅಂಗಡೀಲೊಂದು, ಮನೇಲೊಂದು!" ಭಾವ ಕುದಿದರು. ಮುಂದಿನ ವಾರ ನೆಹರೂ ರಸ್ತೆಯ ಅಂಗಡಿಗಳು. ಮತ್ತೆ ಭದ್ರೆಯ ಬಾಟಲಿ, ಮತ್ತೆ ಗೋಪುರ, ಮತ್ತೆ ಐದು ಸೋಪು, ಭಾನುವಾರ ಮತ್ತೆ ಒಡೆದ ಹಾಲು. ಅದರ ಮುಂದಿನ ವಾರ ಮರದ ಬಟ್ಟಲಿನಲ್ಲಿ ಬರುವ ಆರುನೂರು ರೂಪಾಯಿಯ ಸೋಪು. ನಾನು ಎಷ್ಟು ಹೇಳಿದರೂ ಅಂಗಡಿಯವನು ಐದು ರೂಪಾಯಿಯೂ ಇಳಿಸಲಿಲ್ಲ. ಈ ಸಲ ಭಾವ ಅಂಗಡಿಯಿಂದ ಸೀದಾ ದೋಸ್ತ್‌ನ ಮನೆಗೇ ಸ್ಕೂಟರ್ ತಿರುಗಿಸಲು ಹೇಳಿದರು. ಭಾನುವಾರದವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಅಲ್ಲಿ ಆರುನೂರು ರೂಪಾಯಿಯೂ ಒಡೆದ ಹಾಲಾಯಿತು.

ಭಾವ ಬಟ್ಟಲು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. "ನನ್ನ ಕೈನೇ ಬೇಡ ಅಂತಿದ್ದಾನೋ ಏನೋ" ಅಂದರು, ನನಗಲ್ಲ, ಬಟ್ಟಲಿಗೆ.

ನಾನು ಕೈತೊಳೆಯಲು ಎದ್ದು ಹೋದೆ. ಕೈಗೆ ಸೋಪು ಎಷ್ಟು ಉಜ್ಜಿದರೂ ಜಿಡ್ಡು ಜಿಡ್ಡು. ನಲ್ಲಿಯ ಮೂತಿಗೆ ಸುಣ್ಣದಂತೆ ಬಿಳಿ ಪದರ ಕಟ್ಟಿತ್ತು. ಮೂವತ್ತು ವರ್ಷ ಪೈಪಿನ ವ್ಯಾಪಾರ ಮಾಡಿದ ನನಗೆ ಆಗ ತಲೆಗೆ ಹೊಳೆಯಿತು ನೋಡಿ!

"ಅಮ್ಮಾ, ಈ ಮನೆಗೆ ನೀರು ಎಲ್ಲಿಂದ?"

"ಬೋರ್‌ವೆಲ್ಲು ಕಣಣ್ಣ, ನದಿ ನೀರಿನ ಲೈನ್ ಇನ್ನೂ ಬಂದಿಲ್ಲ" ಅಂದರು ದೋಸ್ತ್‌ನ ಹೆಂಡತಿ. "ಮೋಟರು ನಿಮ್ಮ ಅಂಗಡೀದೇ ಅಲ್ವಾ? ಹೋದ ವರ್ಷ ಮಗ ತಂದಿದ್ದ."

ಕೇಳಿದಿರಾ? ಗಡಸು ನೀರಿನಲ್ಲಿ ಸೋಪು ಒಡೆಯುತ್ತದೆ ಎಂದು ಗಿರಾಕಿಗಳಿಗೆ ದಿನಾ ಉಪದೇಶ ಮಾಡುವವನು ನಾನು! ಭಾವನೋ, ಪರೀಕ್ಷೆಯಲ್ಲಿ ಒಂದು ತಪ್ಪೂ ಆಗಬಾರದೆಂದು ಭದ್ರೆಯನ್ನು ಬಾಟಲಿಯಲ್ಲಿ ಹೊತ್ತು ತಿರುಗಿ, ಪರೀಕ್ಷೆಯನ್ನೇ ಕೆಡಿಸಿದ್ದರು. ಸೋಪು ಮುಗಿದದ್ದು, ಮನೆ ಬದಲಾದದ್ದು ಒಂದೇ ವಾರ. ತಪ್ಪೆಲ್ಲ ಸೋಪಿನ ತಲೆಗೆ ಬಂದಿತ್ತು. ಒಡೆದ ನೊರೆಯ ಮೇಲೆ ಬ್ಲೇಡ್ ಎಳೆದರೆ ಕೆನ್ನೆ ಕಿತ್ತುಬಂದಂತಾಗುತ್ತದೆ. ಬಾಯಿದ್ದಿದ್ದರೆ ದೋಸ್ತ್ "ಉರಿಯುತ್ತೆ ಕಣೋ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು.

ಕೈಚೀಲದ ಬಾಟಲಿಯಲ್ಲಿ ಇನ್ನೂ ಅರ್ಧ ಲೀಟರ್ ಉಳಿದಿತ್ತು. ಬಿಸಿ ಮಾಡಿಸಿದೆವು. ಅಲ್ಲೇ ಬಿಟ್ಟುಹೋಗಿದ್ದವೂ ಸೇರಿ ಹತ್ತರಲ್ಲಿ ಅತಿ ಅಗ್ಗದ, ನಲವತ್ತು ರೂಪಾಯಿಯ ಚಂದನದ ಬಿಲ್ಲೆ ತೆಗೆದು ಭಾವ ಬ್ರಷ್ ತಿರುಗಿಸಿದರು. ನೊರೆ ಎದ್ದಿತು, ಕೋಣೆಯ ತುಂಬ ಪರಿಮಳವೂ ಎದ್ದಿತು. ಗೋಡೆ ಕಡೆ ಇದ್ದ ತಲೆ ಮೆಲ್ಲಗೆ ಈಚೆ ತಿರುಗಿತು. ಭಾವ ನೊರೆಯನ್ನು ಕೆನ್ನೆಗೆ ಮುಟ್ಟಿಸಿ ಕಾದರು. ದೋಸ್ತ್ ಕಣ್ಣು ಮುಚ್ಚಿ ಗದ್ದ ಎತ್ತಿಕೊಟ್ಟರು.

ಅರ್ಧ ಗಂಟೆ ಹಿಡಿಯಿತು. ಮುಖ ಒರೆಸಿದ ಮೇಲೆ ದೋಸ್ತ್ ಎಡಗೈ ಚಾಚಿ ಬಟ್ಟಲಿನ ಬ್ರಷ್ ತೆಗೆದುಕೊಂಡರು. ಭಾವನ ಮುಖದ ಕಡೆ ಒಯ್ದರು. ಮೊದಲ ಸಲ ನೊರೆ ಭಾವನ ಅಂಗಿಗೆ ತಾಗಿತು, ಎರಡನೆಯ ಸಲ ಕಿವಿಗೆ, ಮೂರನೆಯ ಸಲ ಕೆನ್ನೆಗೆ. ಬೆಳಿಗ್ಗೆಯೇ ನುಣ್ಣಗೆ ಗಡ್ಡ ಮಾಡಿಕೊಂಡು ಬಂದಿದ್ದ ಭಾವ, ಹಾಗೆಂದು ಹೇಳಲೇ ಇಲ್ಲ. ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಇನ್ನೊಂದು ಕೆನ್ನೆಯನ್ನೂ ಕೊಟ್ಟರು.

ಆದ್ದರಿಂದ ನನ್ನ ಸಲಹೆ ಕೇಳಿ. ಶೇವಿಂಗ್ ಸೋಪು ಕೊಳ್ಳುವ ಮುಂಚೆ ನಿಮ್ಮ ಮನೆಯ ನಲ್ಲಿಯ ಮೂತಿ ನೋಡಿ. ಬಿಳಿ ಪದರ ಕಟ್ಟಿದ್ದರೆ ಸೋಪು ಬದಲಿಸಬೇಡಿ, ನೀರು ಬದಲಿಸಿ. ಒಂದು ಚೊಂಬು ಮಳೆ ನೀರು ಹಿಡಿದಿಟ್ಟುಕೊಂಡರೆ ಸಾಕು, ನಲವತ್ತು ರೂಪಾಯಿಯ ಸೋಪು ಆರುನೂರರದ್ದನ್ನು ಸೋಲಿಸುತ್ತದೆ. ಬ್ರಷ್ಷನ್ನು ಐದು ನಿಮಿಷ ಬಿಸಿನೀರಿನಲ್ಲಿ ನೆನೆಸಿ. ಮತ್ತೆ, ಮಾತು ಬಾರದ ಗೆಳೆಯನ ಗಡ್ಡ ಮಾಡಲು ಹೋಗುವ ದಿನ, ನಿಮ್ಮ ಗಡ್ಡ ಮಾಡಿಕೊಂಡು ಹೋಗಬೇಡಿ.