ಹನ್ನೊಂದು ಪ್ರತಿಗಳ ನಾಟಕ

ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟವನಿಗೆ ಬೇಜಾರು ಎಂಬುದು ಬರುವುದಿಲ್ಲ. ಸಿಟ್ಟು ಬರುತ್ತದೆ, ಬೆವರು ಬರುತ್ತದೆ, ಆಮೇಲೆ ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಸುಮ್ಮಸುಮ್ಮನೆ ನಗು ಬರುತ್ತದೆ. ಮಾನಿಟರ್ ಒಂದನ್ನೇ ರಿಕ್ಷಾದಲ್ಲಿ ಹಾಕಿಕೊಂಡು ಬಂದು, ಇದರ ಒಳಗೆ ಮಗಳ ಫೋಟೋ ಸಿಕ್ಕಿಕೊಂಡಿದೆ, ತೆಗೆದುಕೊಡಿ ಎಂದವರಿದ್ದಾರೆ. ಅಂಥವನ್ನೆಲ್ಲ ಬರೆದರೆ ಮುಗಿಯುವುದಿಲ್ಲ. ನಾನು ಹೇಳಹೊರಟದ್ದು ಒಂದೇ ಮನೆಯಲ್ಲಿ, ಒಂದು ಮಳೆಗಾಲದಿಂದ ಚಳಿಗಾಲದೊಳಗೆ ನಡೆದದ್ದು. ಅದರಲ್ಲಿ ನನ್ನ ತಪ್ಪೂ ಇದೆ. ಎಷ್ಟಿದೆ ಎಂಬುದನ್ನು ಕೊನೆಯಲ್ಲಿ ನೀವೇ ಹೇಳಿ.

೧. ಗಂಟೆಗೊಮ್ಮೆ

ನಮ್ಮ ಓಣಿಯಲ್ಲಿ ಕದ್ರಾದ ಪವರ್‌ಹೌಸಿನಿಂದ ನಿವೃತ್ತರಾದ ಒಬ್ಬರಿದ್ದರು. ಎಲ್ಲರೂ ಅವರನ್ನು ಸಾಹೇಬರು ಎನ್ನುವುದು, ಅವರ ಹೆಂಡತಿಯನ್ನು ವಹಿನಿ ಎನ್ನುವುದು. ಮೂವತ್ತು ವರ್ಷ ಗಂಟೆಗೊಮ್ಮೆ ಮೀಟರು ನೋಡಿ ಪುಸ್ತಕದಲ್ಲಿ ಅಂಕಿ ಬರೆದ ಮನುಷ್ಯ. ನಿವೃತ್ತಿಯಾದ ಮೇಲೆ ಅಂಕಿ ಬಿಟ್ಟು ಅಕ್ಷರ ಹಿಡಿದರು. ನಾಟಕ ಬರೆಯತೊಡಗಿದರು, ಅದೂ ಕಂಪ್ಯೂಟರಿನಲ್ಲಿ. ಓಣಿಯ ಹವ್ಯಾಸಿ ತಂಡ ಅದನ್ನು ಡಿಸೆಂಬರಿನಲ್ಲಿ ಹಣಕೋಣದಲ್ಲಿ ಆಡುವುದೆಂದು ತೀರ್ಮಾನವಾಗಿತ್ತು. ಹಣಕೋಣ ಸಾಹೇಬರು ಹುಟ್ಟಿದ ಊರು.

ಎರಡನೇ ಅಂಕದ ಕೊನೆಗೆ ಅಪ್ಪನ ಪಾತ್ರ ಸಾಯುತ್ತದೆ. ಆಗ ಊರಿನವರ ಕಣ್ಣಲ್ಲಿ ನೀರು ಬರಬೇಕು. ಸಾಹೇಬರಿಗೆ ಬೇಕಾದದ್ದು ಅಷ್ಟೇ. "ನಾನು ಬರ್ದದ್ದನ್ನ ಇಷ್ಟು ವರ್ಷ ಯಾರೂ ಓದ್ಲಿಲ್ಲ ತಮಾ," ಎಂದಿದ್ದರು ಒಮ್ಮೆ, "ಮೇಲಿನ ಎಂಜಿನಿಯರೂ ಕೆಳಗೆ ಸಹಿ ಮಾತ್ರ ಹಾಕ್ತಿದ್ದ." ತಮಾಷೆಗೆ ಹೇಳಿದ್ದಲ್ಲ.

ಆ ಜೂನಿನಲ್ಲಿ ನನ್ನ ಅಂಗಡಿಗೆ ಬ್ಯಾಕಪ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಹಳೆಯದರಲ್ಲಿ ನಾವೇ ನೆನಪಿಟ್ಟು ಒತ್ತಬೇಕಿತ್ತು. ಹೊಸತು ಹೇಳಿದ ಹೊತ್ತಿಗೆ ತಾನೇ ಕಡತಗಳ ನಕಲು ತೆಗೆದಿಡುತ್ತದೆ. ನಾನು ಸಾಹೇಬರ ಮನೆಗೆ ಹೋಗಿ ಹಾಕಿಕೊಟ್ಟೆ. ಎಷ್ಟು ಹೊತ್ತಿಗೊಮ್ಮೆ ತೆಗೆಯಲಿ ಎಂದು ಕೇಳಿದೆ. ಸಾಹೇಬರು ಯೋಚನೆಯನ್ನೇ ಮಾಡಲಿಲ್ಲ, ಗಂಟೆಗೊಮ್ಮೆ ಎಂದರು. ಹಾಗೆಯೇ ಮಾಡಿದೆ.

ಒಂದು ವಾರ ಬಿಟ್ಟು ವಹಿನಿ ಅಂಗಡಿಗೇ ಬಂದರು. ಗಂಟೆಗೊಮ್ಮೆ ಕಂಪ್ಯೂಟರು ನಕಲು ತೆಗೆಯುವಾಗ ಗಂಡ ಅದರ ಮುಂದೆ ನಿಂತು ಗಡಿಯಾರ ನೋಡಿ, ಒಂದು ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಹಾಕುತ್ತಾರಂತೆ. ಊಟದ ನಡುವೆಯೂ ಎದ್ದು ಹೋಗುತ್ತಾರಂತೆ. "ಅವ್ರಿಗೆ ನಿವೃತ್ತಿ ಆಗಿತ್ತು ತಮಾ," ಎಂದರು ವಹಿನಿ, "ನೀನು ಮತ್ತೆ ಡ್ಯೂಟಿಗೆ ಹಾಕ್ದೆ."

೨. ಬುಧವಾರದ ಹನ್ನೆರಡು ಗಂಟೆ

ಹಾಗಾದರೆ ದಿನಕ್ಕೆ ಒಮ್ಮೆ ಸಾಕು, ಮಧ್ಯಾಹ್ನ ಹನ್ನೆರಡಕ್ಕೆ ಎಂದು ಒಪ್ಪಂದವಾಯಿತು. ಗಂಡಹೆಂಡಿರಿಬ್ಬರೂ ನನ್ನ ಬೆನ್ನ ಹಿಂದೆ ನಿಂತಿದ್ದರು. ನಾನು ಹನ್ನೆರಡು ಎಂದು ಬರೆಯುತ್ತಿದ್ದ ಹಾಗೆ ವಹಿನಿ ತಡೆದರು. ಬುಧವಾರ ಹನ್ನೆರಡರಿಂದ ಒಂದೂವರೆಯವರೆಗೆ ರಾಹುಕಾಲ. ಹೊಸ ನಾಟಕವನ್ನು ಆ ಹೊತ್ತಿನಲ್ಲಿ ತೆಗೆದಿಡುವುದು ಬೇಡ.

ಸಾಹೇಬರು ನಕ್ಕರು. ವಿದ್ಯುತ್ತಿನ ಯಂತ್ರಕ್ಕೆ ಎಂಥ ರಾಹುಕಾಲ ಎಂದರು. ಹಾಗಾದರೆ ನಮ್ಮ ಮನೆಯ ಕರೆಂಟು ಹೋಗುವುದು ಯಾವ ಹೊತ್ತಿಗೆ ಎಂದು ನೆನಪು ಮಾಡಿಕೊಳ್ಳಿ ಎಂದರು ವಹಿನಿ. ಸಾಹೇಬರು ನೆನಪು ಮಾಡಿಕೊಂಡರು, ಪಂಚಾಂಗ ಎಲ್ಲಿದೆ ಎಂದು ಕೇಳಿದರು.

ಪುಣ್ಯಕ್ಕೆ ಹೊಸ ಆವೃತ್ತಿಯಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಹೊತ್ತು ಇಡುವ ಸೌಲಭ್ಯವಿತ್ತು. ವಹಿನಿ ಪಂಚಾಂಗ ತಂದು ಓದಿದರು, ನಾನು ಒತ್ತಿದೆ. ಬುಧವಾರ ಹತ್ತೂವರೆ. ಶುಕ್ರವಾರ ರಾಹುಕಾಲ ಹನ್ನೆರಡಕ್ಕೇ ಮುಗಿಯುತ್ತದಾದರೂ ಮುಗಿದ ಕೂಡಲೇ ಬೇಡವೆಂದು ಹನ್ನೆರಡೂವರೆ. ಈ ಸೌಲಭ್ಯವನ್ನು ಯಾವ ದೇಶದ ಎಂಜಿನಿಯರು ಏನು ಯೋಚಿಸಿ ಇಟ್ಟನೋ ನನಗೆ ಗೊತ್ತಿಲ್ಲ. ಅವನ ಮನೆಯಲ್ಲಿಯೂ ತನ್ನಂಥ ಒಬ್ಬಳು ಇರಲೇಬೇಕು ಎಂಬುದು ವಹಿನಿಯ ಅಭಿಪ್ರಾಯ.

೩. ಸಾಯಲೊಲ್ಲದ ಅಪ್ಪ

ಇನ್ನೊಂದು ಹೊಸ ಸೌಲಭ್ಯ ಸಾಹೇಬರಿಗೆ ಬಹಳ ಹಿಡಿಸಿತು. ಕಡತವನ್ನು ಎಷ್ಟು ಸಲ ತಿದ್ದಿದರೂ ಹಳೆಯ ಪ್ರತಿಗಳೆಲ್ಲ ತಾರೀಖಿನ ಸಮೇತ ಉಳಿಯುತ್ತವೆ. ಬೇಕಾದಾಗ ಬೇಕಾದ ದಿನದ ಪ್ರತಿಯನ್ನು ಎತ್ತಿಕೊಳ್ಳಬಹುದು. ನಾಟಕದವರಿಗೆ ಇದು ಗೊತ್ತಾದದ್ದೇ ತಡ, ಸಾಹೇಬರ ಗ್ರಹಚಾರ ಸುರುವಾಯಿತು. ತಿದ್ದಿದರೆ ಹಾಳಾಗುವುದಿಲ್ಲವಲ್ಲ, ಹಳೆಯದು ಇರುತ್ತದಲ್ಲ ಎಂದು ಒಬ್ಬೊಬ್ಬರೇ ಬಂದು ತಮ್ಮ ಮಾತು ಉದ್ದ ಮಾಡಿಸಿಕೊಂಡು ಹೋದರು.

ಡಾಕ್ಟರ ಪಾತ್ರದವನು ನಿಜದಲ್ಲಿ ಆಸ್ಪತ್ರೆಯೊಂದರ ಕಂಪೌಂಡರ್. ಅವನಿಗೆ ಸೂಜಿ ಚುಚ್ಚುವ ದೃಶ್ಯ ಬೇಕಾಯಿತು. ತಾಯಿಯ ಪಾತ್ರದವರು ಅಂಗನವಾಡಿಯ ಟೀಚರು, ಓಣಿಗೆಲ್ಲ ಬಾಯಿ. ಅವರಿಗೆ ಅಳು ಎರಡು ಕಡೆ ಬೇಕಾಯಿತು. ಸಾಹೇಬರು ತಿದ್ದಿದರು, ಅವರವರ ಮಾತಿನ ಹಾಳೆ ಮಾತ್ರ ಅಚ್ಚು ತೆಗೆದು ಅವರವರಿಗೆ ಕೊಟ್ಟರು. ಇಡೀ ನಾಟಕ ಇದ್ದದ್ದು ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ.

ಜುಲೈ ಕೊನೆಗೆ ಏಳು ಪ್ರತಿಗಳಾಗಿದ್ದವು. ಆಗ ಬಂದವರು ಅಪ್ಪನ ಪಾತ್ರದವರು. ಅವರು ಮೀನುಗಾರಿಕೆಯ ಬೋಟಿನ ಮಾಲೀಕರು, ತಾವೇ ಬೋಟಿನ ಮೇಲೆ ಹೋಗುವವರು. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ದನಿ. ಮಳೆಗಾಲದಲ್ಲಿ ಮೀನು ಹಿಡಿಯುವುದಕ್ಕೆ ಇರುವ ಬಂದಿ ಮುಗಿದು ಸಮುದ್ರಕ್ಕೆ ಹೊರಡುವ ಮೊದಲು ಅವರು ಒಂದೇ ಒಂದು ಬೇಡಿಕೆ ಇಟ್ಟರು. ತಾನು ಎರಡನೇ ಅಂಕದಲ್ಲಿ ಸಾಯುವುದಿಲ್ಲ. ಮನೆಯಲ್ಲಿ ತೊಂಬತ್ತು ದಾಟಿದ ತಾಯಿ ಇದ್ದಾಳೆ, ನೋಡಲು ಬರುತ್ತಾಳೆ, ಅವಳೆದುರು ಸಾಯುವುದು ಹೇಗೆ ಎಂದರು.

ಸಾಹೇಬರು ಎರಡು ದಿನ ಅನ್ನ ಬಿಟ್ಟವರ ಹಾಗೆ ಓಡಾಡಿ ಕೊನೆಗೆ ಅಪ್ಪನನ್ನು ಬದುಕಿಸಿದರು. ಡಾಕ್ಟರು ಗಂಡಾಂತರ ಕಳೆಯಿತು ಎನ್ನುತ್ತಾರೆ, ಅಪ್ಪ ಕಣ್ಣು ತೆರೆದು ಮೂರು ಪುಟ ಮಾತಾಡುತ್ತಾರೆ. ಬೋಟಿನವರು ಆ ಹಾಳೆಗಳನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಸಮುದ್ರಕ್ಕೆ ಹೋದರು. ಅಲ್ಲಿಂದ ಮುಂದೆ ಸಾಹೇಬರು ಇನ್ನೂ ತಿದ್ದಿ ತಿದ್ದಿ ಹನ್ನೊಂದನೇ ಪ್ರತಿಗೆ ಬಂದರು. ಅವರ ನಾಟಕದಲ್ಲಿ ಸಾಯಲು ಒಪ್ಪುವವರು ಒಬ್ಬರೂ ಉಳಿದಿರಲಿಲ್ಲ.

೪. ಗಾಳಿಗೆ ಚಲೋ ತಿರುಗ್ತದೆ

ಅಕ್ಟೋಬರ್ ಕೊನೆಗೆ ಸಾಹೇಬರ ಹಾರ್ಡ್ ಡಿಸ್ಕ್ ಸತ್ತಿತು. ನಾನು ಧೈರ್ಯವಾಗಿ ಹೋದೆ, ದಿನಾ ಬ್ಯಾಕಪ್ ಆಗಿದೆಯಲ್ಲ ಎಂದು. ಹೋಗಿ ನೋಡಿದರೆ ದಿನದಿನದ ನಕಲನ್ನು ನಾನು ಇರಿಸಿದ್ದು ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿ. ಮನೆಗೆ ಬೆಂಕಿ ಬಿದ್ದರೆ ಇರಲಿ ಎಂದು ಬಂಗಾರವನ್ನು ಅದೇ ಮನೆಯ ಅಟ್ಟದಲ್ಲಿ ಇಟ್ಟ ಬುದ್ಧಿವಂತ ನಾನು. ಸಾಹೇಬರು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆದರೆ ತಿಂಗಳಿಗೊಮ್ಮೆ ಸಿಡಿಯಲ್ಲೂ ಒಂದು ನಕಲು ತೆಗೆಯುತ್ತಿದ್ದೆವು. ಒಂದು ಪ್ರತಿ ಬೇರೆ ಊರಿನಲ್ಲಿರಲಿ ಎಂದು ಸಾಫ್ಟ್‌ವೇರಿನ ಪುಸ್ತಕವೇ ಹೇಳಿತ್ತು. ವಹಿನಿ ತವರಿಗೆ ಹೋಗುವಾಗ ಒಯ್ದು ಅಂಕೋಲಾದಲ್ಲಿ ತಮ್ಮನ ಮನೆಯಲ್ಲಿ ಇಡುತ್ತಿದ್ದರು. ಮರುದಿನ ಬೆಳಿಗ್ಗೆಯೇ ಮೂವರೂ ಅಂಕೋಲಾದ ಬಸ್ಸು ಹತ್ತಿದೆವು.

ವಹಿನಿಯ ತಮ್ಮ ಅಂಗಳದಲ್ಲಿ ನಿಂತು ನಗುತ್ತ ಬರಮಾಡಿಕೊಂಡ. ಸಿಡಿ ಎಲ್ಲಿ ಎಂದು ವಹಿನಿ ಕೇಳಿದರು. ಅವನು ಕೈ ಚಾಚಿ ತೋರಿಸಿದ. ಮನೆಯೆದುರು ಭತ್ತ ಹಣ್ಣಾದ ಗದ್ದೆ. ಗದ್ದೆಯ ಉದ್ದಕ್ಕೂ ಹಗ್ಗ, ಹಗ್ಗಕ್ಕೆ ಸಿಡಿ. ಗಿಳಿಗಳು ಬೆದರಲಿ ಎಂದು ಆ ವರ್ಷ ಎಲ್ಲರೂ ಹಾಗೆ ಕಟ್ಟುತ್ತಿದ್ದರು. ನಮ್ಮ ಸಾಹೇಬರ ನಾಟಕ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಜೋಪಾನವಾಗಿ ಇಡು ಹೇಳಿದ್ದೆ ನಾನು," ಎಂದರು ವಹಿನಿ.

"ಇಟ್ಟದ್ದೆ ಅಲ್ದಾ ಅಕ್ಕಾ. ಒಂದೂ ಕಳೀಲಿಲ್ಲ," ಎಂದ ತಮ್ಮ. ಆಮೇಲೆ ಸಾಹೇಬರ ಕಡೆ ತಿರುಗಿ ಮೆಚ್ಚಿಕೊಂಡು ಹೇಳಿದ: "ಭಾವಾ, ಪ್ಯಾಟಿ ಸಿಡಿಗಿಂತ ನಿಮ್ದೇ ಗಾಳಿಗೆ ಚಲೋ ತಿರುಗ್ತದೆ."

೫. ಗೋಡೆಯಾಚೆಯ ಗುಟ್ಟು

ನಮ್ಮ ನಾಲ್ಕು ಸಿಡಿಗಳಲ್ಲಿ ಮೂರರ ಬೆಳ್ಳಿ ಸುಲಿದು ಆಚೆಯ ತೆಂಗಿನ ಮರ ಕಾಣುತ್ತಿತ್ತು. ಮನೆಯ ನೆರಳಿನಲ್ಲಿ ತೂಗುತ್ತಿದ್ದ ಒಂದು ಮಾತ್ರ ಗಟ್ಟಿಯಿತ್ತು. ಕಾರವಾರಕ್ಕೆ ತಂದು ಹೊಸ ಡಿಸ್ಕ್ ಹಾಕಿ ಸಿಡಿ ತುರುಕಿದೆ. ಅದು ಪಾಸ್‌ವರ್ಡ್ ಕೇಳಿತು. ಅದೂ ಹೊಸ ಸೌಲಭ್ಯವೇ. ಬೇರೆ ಯಾರೂ ನಾಟಕ ಕದಿಯದಂತೆ ಸಾಹೇಬರೇ ಹಾಕಿಕೊಂಡದ್ದು, ನನಗೂ ಹೇಳಿರಲಿಲ್ಲ.

ಸಾಹೇಬರಿಗೆ ಮರೆತುಹೋಗಿತ್ತು. ಗಾಬರಿಗೆ ಹೀಗಾಗುತ್ತದೆ. ಹುಟ್ಟಿದ ದಿನ, ಮದುವೆಯ ದಿನ ಎಲ್ಲ ಹಾಕಿ ನೋಡಿದರು. ಮುಗೀತು ತಮಾ ಎಂದು ಕುರ್ಚಿಯಲ್ಲಿ ಕುಳಿತುಬಿಟ್ಟರು.

ಆಗ ಕಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯ ಅಜ್ಜಿ ತಿರುಗಿಯೂ ನೋಡದೆ ಹೇಳಿದಳು: "ಬಂಗಡೆ ಹೊಡೀರಿ, ಆಮೇಲೆ ನಾಲ್ಕು ಸೊನ್ನೆ."

ಮೀನಿನ ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆದು ನಾಲ್ಕು ಸೊನ್ನೆ ಹೊಡೆದೆ. ತೆರೆಯಿತು. ಕಾರಣ ಕೇಳಿ. ಪವರ್‌ಹೌಸಿನಲ್ಲಿ ಯಾವ ಗುಂಡಿ ಒತ್ತುವ ಮೊದಲೂ ಅದರ ಹೆಸರನ್ನು ಗಟ್ಟಿಯಾಗಿ ಹೇಳಿ ಒತ್ತುವುದು ಸಾಹೇಬರ ಅಭ್ಯಾಸ. ಮನೆಯಲ್ಲೂ ಅದೇ. ನಾಲ್ಕು ತಿಂಗಳಿಂದ ದಿನವೂ ನಾಟಕ ತೆರೆಯುವಾಗ ಅವರು ತಮ್ಮ ಗುಟ್ಟನ್ನು ಅಕ್ಷರ ಅಕ್ಷರವಾಗಿ ಓಣಿಗೆ ಕೇಳಿಸುತ್ತಿದ್ದರು. ಅಜ್ಜಿಗೆ ಇಂಗ್ಲಿಷ್ ಅಕ್ಷರ ಬಂದದ್ದೇ ಹಾಗಂತೆ.

೬. ಹಣಕೋಣದ ಸಂಜೆ

ಸಿಕ್ಕ ಸಿಡಿ ಜುಲೈ ತಿಂಗಳದ್ದು. ಅದರಲ್ಲಿ ಕೊನೆಯದು ಏಳನೇ ಪ್ರತಿ, ಅಪ್ಪ ಸಾಯುವ ಪ್ರತಿ. ನಾನು ತಲೆ ತಗ್ಗಿಸಿ ನಿಂತಿದ್ದೆ. ಸಾಹೇಬರು ಓದುತ್ತ ಓದುತ್ತ ಅರಳಿದರು. "ಇದೇ ನನ್ನ ನಾಟ್ಕ," ಎಂದರು. ಬೋಟಿನವರು ಸಮುದ್ರದಲ್ಲಿದ್ದಾರೆ, ನಾಟಕದ ಹೊತ್ತಿಗಷ್ಟೇ ಬರುವವರು, ಉಳಿದವರ ತಕರಾರು ಕೇಳಲು ಹೊತ್ತಿಲ್ಲ. ಈ ಸಲ ಅಪ್ಪ ಸಾಯಲೇಬೇಕು.

ತಾಲೀಮು ಹಾಗೆಯೇ ನಡೆಯಿತು. ಬೋಟಿನವರ ಬದಲು ನಾನೇ ಮಲಗಿ ಸಾಯುತ್ತಿದ್ದೆ. ಅವರು ಬಂದಾಗ ವಿಷಯ ತಿಳಿಸುವ ಕೆಲಸವೊಂದು ಬಾಕಿ. ನಾನು ಹೇಳುತ್ತೇನೆಂದು ಸಾಹೇಬರು ಅಂದುಕೊಂಡರು, ಬರೆದವರು ಅವರು, ಅವರೇ ಹೇಳುತ್ತಾರೆಂದು ನಾನು ಅಂದುಕೊಂಡೆ. ನಿಜ ಹೇಳಬೇಕೆಂದರೆ ಆ ದನಿಗೆ ಇಬ್ಬರೂ ಹೆದರಿದ್ದೆವು. ಅವರು ನಾಟಕದ ದಿನ ಸಂಜೆ ಐದೂವರೆಗೆ ಬಂದರದಿಂದ ನೆಟ್ಟಗೆ ಹಣಕೋಣಕ್ಕೆ ಬಂದು ಬಣ್ಣಕ್ಕೆ ಕುಳಿತರು. ಆರಕ್ಕೆ ಪರದೆ ಎದ್ದಿತು.

ಎರಡನೇ ಅಂಕದ ಕೊನೆ. ಅಪ್ಪ ಮಂಚದ ಮೇಲೆ, ನಾನು ಪರದೆಯ ಮರೆಯಲ್ಲಿ ಪ್ರತಿ ಹಿಡಿದು. ಕಂಪೌಂಡರ್ ಡಾಕ್ಟರು ನಾಡಿ ಹಿಡಿದು, ಹೋಗಿಬಿಟ್ಟರು ಎಂದು ಕನ್ನಡಕ ತೆಗೆದ. ಅಂಗನವಾಡಿ ಬಾಯಿ ಎದೆಗೆ ಬಡಿದುಕೊಂಡು ಅತ್ತರು. ಜನ ಗಪ್ಪಾದರು. ಮುಂದಿನ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಯಿತು. ಸಾಹೇಬರು ನನ್ನ ಭುಜ ಹಿಡಿದಿದ್ದರು, ಹಿಡಿತ ಬಿಗಿಯಾಯಿತು.

ಆಗ ಅಪ್ಪ ಎದ್ದು ಕುಳಿತರು.

"ಯಾರು ಹೋದ್ರು?" ಎಂದು ಕೇಳಿದರು.

ನಾನು ಮರೆಯಿಂದ, ನೀವೇ ಸತ್ತಿದ್ದೀರಿ, ಮಲಗಿ ಎಂದು ಪಿಸುಗುಟ್ಟಿದೆ. ಅವರು ನನ್ನ ಕಡೆ ಪೂರ್ತಿ ತಿರುಗಿ, ಬೋಟಿನಿಂದ ಬೋಟಿಗೆ ಕೂಗುವ ದನಿಯಲ್ಲಿ ಹೇಳಿದರು: "ನಾನ್ಯಾಕೆ ಸಾಯ್ಲಿ ಮಾರಾಯ, ನಂದು ಇನ್ನೂ ಮೂರು ಪುಟ ಅದೆ."

ಮೈಕು ಅದನ್ನು ಊರಂಚಿನ ಹೊಳೆಯಾಚೆಗೂ ಒಯ್ದಿತು. ಜನ ಬಿದ್ದು ಬಿದ್ದು ನಕ್ಕರು. ನಾನು ಸಾಹೇಬರ ಮುಖ ನೋಡಿದೆ, ನೋಡಬಾರದಿತ್ತು. ಹುಟ್ಟಿದೂರಿನಲ್ಲಿ ಜನರನ್ನು ಅಳಿಸಬೇಕೆಂದು ಆರು ತಿಂಗಳು ಕುಳಿತು ಬರೆದವರು. ಆದರೆ ಪವರ್‌ಹೌಸಿನ ಮನುಷ್ಯ ಕತ್ತಲೆಯಲ್ಲಿ ಹೆಚ್ಚು ಹೊತ್ತು ನಿಲ್ಲುವವರಲ್ಲ. ಒಳಗೆ ಬಂದ ಡಾಕ್ಟರನ್ನು ಕಾಲರು ಹಿಡಿದು ತಿರುಗಿಸಿ, ಹೋಗಿ ನಾಡಿ ಮತ್ತೊಮ್ಮೆ ನೋಡು ಎಂದು ರಂಗಕ್ಕೆ ನೂಕಿದರು.

ಡಾಕ್ಟರು ನಾಡಿ ನೋಡಿ, ಜೀವ ಅದೆ ಎಂದ. ಅಷ್ಟೇ ಬೇಕಿತ್ತು. ಬೋಟಿನವರು ತಮ್ಮ ಮೂರು ಪುಟ ಸುರುಮಾಡಿದರು, ಬರೆದದ್ದು ಬರೆದ ಹಾಗೆ. ಮೊದಲ ಸಾಲೇ ಹೀಗಿತ್ತು. ಈಗಷ್ಟೇ ತಮ್ಮನ್ನು ಸಾಯಿಸಿದ ಡಾಕ್ಟರಿಗೆ ಕೈಮುಗಿದು, ಗದ್ಗದ ದನಿಯಲ್ಲಿ ಅವರು ಹೇಳಿದರು: "ಡಾಕ್ಟರೇ, ನಿಮ್ಮ ಕೈಗುಣ ದೊಡ್ಡದು."

ಐದು ನಿಮಿಷ ನಾಟಕ ಮುಂದೆ ಹೋಗಲಿಲ್ಲ. ಬೋಟಿನವರ ತಾಯಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ನಗು ಇಳಿದ ಮೇಲೆ ಅಪ್ಪ ಮಗನ ಪಾತ್ರದವನ ಕೈಹಿಡಿದು ಉಳಿದದ್ದನ್ನು ಹೇಳಿದರು. ನಿನ್ನನ್ನು ಒಂದು ದಿನವೂ ಹೊಗಳಲಿಲ್ಲ ಮಗಾ, ಹೊಗಳಲು ಬಾರದೆ ಅಲ್ಲ, ನಾಳೆ ಹೊಗಳೋಣ ಎಂದು ಇಟ್ಟುಕೊಂಡೆ, ಎಂಬ ಮಾತು ಬಂದಾಗ ನಕ್ಕು ನಕ್ಕು ಸಡಿಲಾಗಿದ್ದ ಜನ ನಿಜವಾಗಿ ಅತ್ತರು. ಸಾಹೇಬರೂ ಅತ್ತರು. ನಾನು ಧೂಳು ಬಿದ್ದಿತೆಂದು ಹೇಳಿಕೊಂಡೆ.

ಮರುದಿನ ಅಂಗಡಿ ತೆರೆಯುವುದಕ್ಕೂ ಸಾಹೇಬರು ಬರುವುದಕ್ಕೂ ಸರಿಯಾಯಿತು. ಅಂಕೋಲಾದಿಂದ ನಾಟಕ ನೋಡಲು ಬಂದವರು ತಮ್ಮೂರಿನಲ್ಲೂ ಆಡಬೇಕು, ಪ್ರತಿ ಕೊಡಿ ಎಂದಿದ್ದಾರಂತೆ. ಯಾವ ಪ್ರತಿ, ಅಪ್ಪ ಸಾಯುವುದೋ ಬದುಕುವುದೋ ಎಂದು ಇವರು ಕೇಳಿದರಂತೆ. ಎರಡೂ ಬೇಡ, ಸತ್ತು ಎದ್ದು ಡಾಕ್ಟರಿಗೆ ಕೈಮುಗಿಯುತ್ತಾರಲ್ಲ, ಅದೇ ಬೇಕು ಎಂದರಂತೆ ಅವರು.

ಒಳ್ಳೆಯದಾಯಿತಲ್ಲ, ಕೊಡಿ ಎಂದೆ ನಾನು.

ಸಾಹೇಬರು ಸ್ಟೂಲನ್ನು ಹತ್ತಿರ ಎಳೆದುಕೊಂಡು ಕುಳಿತರು. ಮುಖದಲ್ಲಿ ನಗುವಿನ ಗುರುತೇ ಇರಲಿಲ್ಲ.

"ತಮಾ," ಎಂದರು, "ನಿನ್ನ ಆ ಸಾಫ್ಟ್‌ವೇರಿನಲ್ಲಿ ಹುಡುಕು. ನಿನ್ನೆ ಸಂಜೆ ಹಣಕೋಣದಲ್ಲಿ ಆದದ್ದು ಸಿಗ್ತದಾ?"